ಹನಿ ಚೆಲ್ಲದ ಕೈ

ನಮ್ಮ ಹೋಟೆಲಿನಲ್ಲಿ ಪ್ರತಿಯೊಂದಕ್ಕೂ ನಿಯಮವಿತ್ತು. ಸಾಂಬಾರಿನ ಹಂಡೆಗೆ ಒಂದು ಸೌಟು, ಚಟ್ನಿಗೆ ಇನ್ನೊಂದು, ಅದಲುಬದಲಾದರೆ ಬೈಗುಳ. ಉದ್ದು ನೆನೆಹಾಕುವ ಹೊತ್ತು, ರುಬ್ಬುವ ಹೊತ್ತು, ಬಾಗಿಲು ತೆರೆಯುವ ಹೊತ್ತು ಎಲ್ಲವೂ ಗೊತ್ತುಮಾಡಿದ್ದು. ಉಡುಪಿ ಕಡೆಯಿಂದ ಬಂದು ಚೆನ್ನೈನ ವಡಪಳನಿಯಲ್ಲಿ ಹೋಟೆಲು ಹಾಕಿದ ನಮ್ಮ ದೊಡ್ಡಣ್ಣ ಆ ನಿಯಮಗಳನ್ನು ಮಾಡಿದವರು. ಅಡುಗೆಮನೆಯಲ್ಲಿ ಅವನ್ನು ನಡೆಸಿಕೊಂಡು ಬಂದವನು ನಾನು. ನನಗೀಗ ಎಪ್ಪತ್ತು ದಾಟಿದೆ. ಹೋಟೆಲಿಗೆ ಹೋಗುವುದು ಬಿಟ್ಟರೂ ಅಲಾರಂ ಇಲ್ಲದೆ ನಾಲ್ಕಕ್ಕೆ ಏಳುತ್ತೇನೆ.

ಕುಡಿತಕ್ಕೂ ಒಂದು ನಿಯಮವಿತ್ತು. ಅದರ ಪ್ರಕಾರವೇ ಎಲ್ಲವೂ ನಡೆದ ಒಂದು ದಿನ ನಾನು ನನ್ನ ತಂಗಿಯನ್ನು ಕಳೆದುಕೊಂಡೆ. ಆ ಮೇಲೆ ಅವಳ ಮಗಳು ಅಪ್ಪನ ಬಾಯಿಂದ ಒಂದೇ ಒಂದು ಮಾತು ಬರಲಿ ಎಂದು ಕಾದಳು.

ವರ್ಷಕ್ಕೊಮ್ಮೆ, ಆಯುಧಪೂಜೆಯ ಮರುದಿನ, ಹೋಟೆಲಿಗೆ ರಜೆ. ಅಂದು ಮನೆಯವರು, ಕೆಲಸದವರು ಎಲ್ಲ ಕ್ರೋಂಪೇಟೆಯಲ್ಲಿದ್ದ ದೊಡ್ಡಣ್ಣನ ಮನೆಗೆ ಹೋಗುತ್ತಿದ್ದೆವು. ಹೋಟೆಲಿನ ವ್ಯಾನಿನಲ್ಲಿ ದೊಡ್ಡ ಪಾತ್ರೆಗಳನ್ನು ಹೇರಿಕೊಂಡು ಹೋಗಿ ಅಲ್ಲೇ ಅಡುಗೆ. ಊಟವಾದ ಮೇಲೆ ಗಂಡಸರು ತಾರಸಿಗೆ ಹತ್ತುತ್ತಿದ್ದರು. ಕುಡಿಯುವುದು ಸ್ಟೀಲ್ ಲೋಟದಲ್ಲಿ. ಗಾಜಿನ ಲೋಟವಾದರೆ ಹೆಂಗಸರಿಗೆ ಕಾಣುತ್ತದೆ ಎಂದು. ಹೆಂಗಸರಿಗೆ ಎಲ್ಲ ಗೊತ್ತಿತ್ತು. ಬೋಂಡ ಕರಿದು ಕಳಿಸುತ್ತಿದ್ದವರು ಅವರೇ.

ನಾನೊಮ್ಮೆ ರುಚಿ ನೋಡಿದ್ದೆ. ಅರ್ಧ ಲೋಟಕ್ಕೆ ಮೈಯೆಲ್ಲ ತುರಿಸಿ ಕೆಂಪಾಯಿತು, ಮರುದಿನವೂ ಅನ್ನ ಸೇರಲಿಲ್ಲ. ಅಲ್ಲಿಗೆ ಬಿಟ್ಟೆ. ಆದರೆ ತಾರಸಿಯಲ್ಲಿ ಕೂತು ನೋಡುತ್ತಿದ್ದೆ. ಒಂದೇ ಬಾಟಲಿಯಿಂದ ಸುರಿದದ್ದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಚಿಕ್ಕಪ್ಪನ ಮಗ ದಿನವಿಡೀ ನಾಲ್ಕು ಮಾತಾಡದವನು. ಒಂದು ಲೋಟ ಇಳಿದರೆ ಭಾಷಣಕ್ಕೆ ನಿಲ್ಲುತ್ತಿದ್ದ. ವಡೆ ಹಾಕುವವನು ಅಳುತ್ತಿದ್ದ.

“ಅಮ್ಮನಿಗೆ ಒಂದು ಒಳ್ಳೆ ಸೀರೆ ತೆಗೆಯಲಿಲ್ಲ ನಾನು,” ಎನ್ನುತ್ತಿದ್ದ.

“ಹೋದ ವರ್ಷವೂ ಇದೇ ಅತ್ತದ್ದು ನೀನು,” ಎಂದು ಚಿಕ್ಕಪ್ಪನ ಮಗ ಛೇಡಿಸುತ್ತಿದ್ದ. “ಅಷ್ಟು ಬೇಸರ ಇದ್ರೆ ಒಂದು ಸೀರೆ ತೆಗೆದು ಮುಗಿಸು ಮಾರಾಯ. ನಮಗೂ ಕಿವಿಗೆ ಸುಖ.”

ಏನೂ ಆಗದವನು ಭಾವ ಒಬ್ಬನೇ. ತಂಗಿಯ ಗಂಡ, ಹೋಟೆಲಿನ ಕಾಫಿ ಅವನದು. ಎಷ್ಟು ಕುಡಿದರೂ ಮಾತು ತೊದಲುತ್ತಿರಲಿಲ್ಲ, ಕಾಲು ತಪ್ಪುತ್ತಿರಲಿಲ್ಲ. “ಇವನಿಗೆ ಕುಡಿಸುವುದು ದಂಡ. ಕಲ್ಲಿಗೆ ನೀರು ಹೊಯ್ದ ಹಾಗೆ,” ಎಂದು ಎಲ್ಲರೂ ನಗುತ್ತಿದ್ದರು. ಆ ನಗೆಯಲ್ಲಿ ಮೆಚ್ಚುಗೆಯೇ ಹೆಚ್ಚಿತ್ತು.

ಇನ್ನು ನಿಯಮ. ಒಮ್ಮೆ ಚಿಕ್ಕಪ್ಪನ ಮಗ ಕುಡಿದು ಸ್ಕೂಟರನ್ನು ಗೇಟಿಗೆ ಗುದ್ದಿದ ಮೇಲೆ ದೊಡ್ಡಣ್ಣ ಎಲ್ಲ ಗಾಡಿಗಳ ಕೀಲಿಕೈ ತಮ್ಮ ಬಳಿ ಇಟ್ಟುಕೊಳ್ಳತೊಡಗಿದರು. ಹೊರಡುವ ಮುಂಚೆ ಗಾಡಿ ಓಡಿಸುವವನು ಅವರೆದುರು ಬಿಸಿ ಕಾಫಿಯನ್ನು ಲೋಟದಿಂದ ಅಗಲಬಾಯಿಯ ಡಬರಾಕ್ಕೆ, ಡಬರಾದಿಂದ ಲೋಟಕ್ಕೆ ಕೈ ಚಾಚಿ ಎತ್ತರದಿಂದ ಎಳೆಯಬೇಕು. ನೆಲಕ್ಕೆ ಹನಿ ಬಿದ್ದರೆ ಕೀಲಿಕೈ ಇಲ್ಲ, ರೈಲಿಗೆ ನಡೆಯಬೇಕು. ಪೊಲೀಸರ ಊದುವ ಯಂತ್ರಕ್ಕಿಂತ ಇದು ವಾಸಿ ಎಂದು ಹೋಟೆಲಿನವರಾದ ನಮಗೆಲ್ಲ ಅನ್ನಿಸಿತ್ತು. ಕೈ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದರು ದೊಡ್ಡಣ್ಣ. ಚಿಕ್ಕಪ್ಪನ ಮಗ ಪ್ರತಿ ವರ್ಷ ಪಾದಕ್ಕೆ ಚೆಲ್ಲಿಕೊಂಡು ರೈಲಿಗೆ ಹೋಗುತ್ತಿದ್ದ. ಅವನು ಈಗಲೂ ಗಟ್ಟಿಮುಟ್ಟಾಗಿದ್ದಾನೆ.

ಆ ವರ್ಷ ಭಾವ ಎಳೆದ ಕಾಫಿ ಹಗ್ಗದ ಹಾಗೆ ಇಳಿಯಿತು. ಒಂದು ಹನಿ ಚೆಲ್ಲಲಿಲ್ಲ. ದೊಡ್ಡಣ್ಣ ಕೀಲಿಕೈ ಕೊಟ್ಟು ಆ ಕಾಫಿಯನ್ನು ತಾವೇ ಕುಡಿದರು. ತಂಗಿ ವ್ಯಾನಿನ ಎಡಗಡೆ ಸೀಟಿಗೆ ಹತ್ತಿದಳು.

“ನನ್ನ ಜೊತೆ ರೈಲಲ್ಲಿ ಬಾ,” ಎಂದೆ ನಾನು. “ಗಿಂಡಿಯಲ್ಲಿ ಇಳಿದು ಮೆಟ್ರೋ ಹಿಡಿದ್ರೆ ಆಯ್ತು.”

“ಈ ಕೊಪ್ಪರಿಗೆ ತಲೆ ಮೇಲೆ ಇಟ್ಕೊಂಡು ಮೆಟ್ರೋ ಹತ್ತುದಾ ಅಣ್ಣ? ಪಾತ್ರೆ ಇಳಿಸ್ಲಿಕ್ಕೆ ಇವರಿಗೊಂದು ಜನ ಬೇಡ್ವಾ? ನಿಮಗಿಂತ ಮೊದಲು ನಾವು ಮನೆಯಲ್ಲಿ ಇರ್ತೇವೆ, ನೋಡಿ.”

ಇನ್ನೂ ಬಿಸಿಲಿತ್ತು. ಗಿಂಡಿಗೆ ಮುಂಚೆ, ನೆಟ್ಟಗಿನ ರಸ್ತೆಯಲ್ಲಿ, ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನ ಹಿಂಭಾಗಕ್ಕೆ ವ್ಯಾನಿನ ಎಡಮಗ್ಗುಲು ಹೋಗಿ ಬಡಿಯಿತು. ಬ್ರೇಕ್ ಹಾಕಿದ ಗುರುತೇ ರಸ್ತೆಯಲ್ಲಿರಲಿಲ್ಲವಂತೆ. ನಾನು ಮನೆ ಮುಟ್ಟಿದಾಗ ಫೋನ್ ಬಂತು. ಆಸ್ಪತ್ರೆಯಲ್ಲಿ ತಂಗಿಗೆ ಪ್ರಜ್ಞೆ ಮರಳಲಿಲ್ಲ. ಮರುದಿನ ಬೆಳಿಗ್ಗೆ, ಹೋಟೆಲು ಬಾಗಿಲು ತೆರೆಯಬೇಕಾದ ಹೊತ್ತಿಗೆ, ಹೋದಳು. ಭಾವನಿಗೆ ಹಣೆಯ ಮೇಲೊಂದು ಗೀರು.

ಅವನ ರಕ್ತ ಪರೀಕ್ಷಿಸಿದರು. ಮದ್ಯ ಮಿತಿ ಮೀರಿತ್ತು. ತಾರಸಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಡಿದವನು ಅವನೇ. ಅಮಲು ತೋರಲಿಲ್ಲ ಎಂದೇ ಅವನ ಲೋಟಕ್ಕೆ ಮತ್ತೆ ಮತ್ತೆ ಸುರಿದಿದ್ದರು. ಆದರೂ ಅಮಲೇರಿತ್ತು ಎಂದು ಅವನು ಒಪ್ಪಲಿಲ್ಲ. ಸುಳ್ಳು ಹೇಳುತ್ತಿರಲಿಲ್ಲ; ನಿಜವಾಗಿಯೂ ಹಾಗೇ ನಂಬಿದ್ದ.

“ನನಗೆ ಏರಿರಲಿಲ್ಲ ಭಾವ. ನೀವೇ ನೋಡಿದ್ದೀರಲ್ಲ? ಒಂದು ಹನಿ ಬಿತ್ತಾ? ಬಸ್ಸು ದೂರ ಉಂಟು ಅಂತಲೇ ಕಂಡದ್ದು ನನಗೆ. ಇನ್ನೂ ದೂರ ಉಂಟು ಅಂತ.”

ಆ ಮಾತನ್ನು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಅಡುಗೆಮನೆಯಲ್ಲಿ ಜ್ವರ ಬಂದ ದೋಸೆಯವನನ್ನು ಕಂಡಿದ್ದೇನೆ. ಅವನು ಹುಯ್ಯುವ ದೋಸೆ ಗುಂಡಗೇ ಇರುತ್ತದೆ, ಗ್ಯಾಸ್ ಆರಿಸಲು ಮಾತ್ರ ಮರೆಯುತ್ತಾನೆ. ಭಾವ ಮೂವತ್ತು ವರ್ಷ ಕಾಫಿ ಎಳೆದವನು. ನಿದ್ದೆಯಲ್ಲಿ ಎಬ್ಬಿಸಿ ಲೋಟ ಕೊಟ್ಟರೂ ಚೆಲ್ಲುತ್ತಿರಲಿಲ್ಲ. ನಾವು ಪರೀಕ್ಷಿಸಿದ್ದು ಅವನ ಕಸುಬನ್ನು. ಬಸ್ಸು ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕಾದ ಕಣ್ಣು, ಬ್ರೇಕ್ ಒತ್ತು ಎಂದು ಕಾಲಿಗೆ ಹೇಳಬೇಕಾದ ಬುದ್ಧಿ ಎರಡೂ ಅಷ್ಟರಲ್ಲಿ ಮಂಕಾಗಿದ್ದವು. ಅದು ನಮಗೂ ಕಾಣಲಿಲ್ಲ, ಅವನಿಗೂ ತಿಳಿಯಲಿಲ್ಲ. ತೂರಾಡುವವನನ್ನು ಜನ ಹಿಡಿದು ನಿಲ್ಲಿಸುತ್ತಾರೆ. ನೆಟ್ಟಗೆ ನಡೆಯುವವನ ಕೈಗೆ ಕೀಲಿಕೈ ಕೊಡುತ್ತಾರೆ.

ದೊಡ್ಡಣ್ಣ ಆ ವರ್ಷವೇ ಹಾಸಿಗೆ ಹಿಡಿದು ತೀರಿಕೊಂಡರು. ಕೊನೆಯವರೆಗೂ ಆ ದಿನದ ಮಾತೆತ್ತಲಿಲ್ಲ.

ತಂಗಿಯ ಮಗಳು ಗಿಂಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು; ಆ ದಿನ ನಮ್ಮ ಜೊತೆ ಬಂದಿರಲಿಲ್ಲ. ಅಮ್ಮನ ಕಾರ್ಯ ಮುಗಿದ ಮೇಲೆ ಬಟ್ಟೆಬರೆ ತೆಗೆದುಕೊಂಡು ಅದೇ ಕಟ್ಟಡದ ಕೆಳಗಿನ ಮಹಡಿಗೆ, ನನ್ನ ಮನೆಗೆ ಬಂದುಬಿಟ್ಟಳು. ಕನ್ನಡ ಎಲ್ಲ ಅರ್ಥವಾದರೂ ಉತ್ತರ ಕೊಡುವುದು ತಮಿಳಿನಲ್ಲಿ. ಅಮ್ಮನ ಹತ್ತಿರ ಮಾತ್ರ ತಪ್ಪುತಪ್ಪಾಗಿ ಕನ್ನಡ ಆಡುತ್ತಿದ್ದಳು; ಅದೂ ನಿಂತಿತು.

ಒಂದು ದಿನ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದಾಗ, “ಅಪ್ಪಾ ಅನ್ನಿಕ್ಕಿ ಕುಡಿಚಿರುಂದಾರಾ, ಮಾಮಾ?” ಎಂದು ಕೇಳಿದಳು. ಅಪ್ಪ ಅಂದು ಕುಡಿದಿದ್ದರಾ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದಳು. ನೀವು ಹೇಳಬೇಡಿ, ಅವರೇ ಹೇಳಲಿ ಎಂದಳು.

ಕೇಸು ನಡೆಯುತ್ತಿತ್ತು. ಬಸ್ಸು ಹಠಾತ್ತನೆ ನಿಂತಿತು ಎಂದು ಹೇಳುವಂತೆ ವಕೀಲರು ಭಾವನಿಗೆ ಕಲಿಸಿಕೊಟ್ಟಿದ್ದರು. ಕೋರ್ಟಿಗೆ ಹೋಗುವ ಹಿಂದಿನ ದಿನ ಮಧ್ಯಾಹ್ನ ಅವನನ್ನು ಊಟಕ್ಕೆ ಕರೆದೆ. ಮಗಳೂ ರಜೆ ಹಾಕಿ ಮನೆಯಲ್ಲಿದ್ದಳು. ಅಪ್ಪನಿಗೆ ಅವಳೇ ಬಡಿಸಿದಳು. ಅವನು ಅನ್ನ ಕಲಸುತ್ತಾ ನನಗೆ ವಕೀಲರ ಮಾತನ್ನು ಒಪ್ಪಿಸತೊಡಗಿದ.

“ಬಸ್ಸು ಮುಂದೆ ಹೋಗ್ತಾ ಇತ್ತು ಭಾವ. ಒಮ್ಮೆಲೇ...” ಎಂದವನು ಅಲ್ಲಿಗೆ ನಿಲ್ಲಿಸಿದ. ಮಗಳು ಪಾತ್ರೆ ಹಿಡಿದು ಎದುರಿಗೇ ನಿಂತಿದ್ದಳು. ಅನ್ನದಿಂದ ಕೈ ತೆಗೆದ. “ಬಸ್ಸು ನಿಂತೇ ಇತ್ತು,” ಎಂದ. “ಅದರ ಹಿಂದಿನ ಜಾಹೀರಾತನ್ನು ಓದಿದ್ದೇನೆ ನಾನು. ಪೂರ್ತಿ ಓದಿದ್ದೇನೆ. ಆದರೂ ಕಾಲು ಬ್ರೇಕಿಗೆ ಹೋಗಲಿಲ್ಲ. ನಿನ್ನ ಅಮ್ಮ ‘ರೀ’ ಅಂದ್ಲು. ಯಾಕೆ ಕರೀತಾಳೆ ಅಂತ ತಿರುಗಿ ನೋಡಿದೆ. ಕುಡಿದಿದ್ದೆ ಮಗಾ. ತುಂಬ ಕುಡಿದಿದ್ದೆ.”

ಅವಳು ಅಳಲಿಲ್ಲ. “ಇದೆ ಅಂಗೇಯುಂ ಸೊಲ್ಲುಂಗಪ್ಪಾ,” ಎಂದಳು. ಕೋರ್ಟಿನಲ್ಲೂ ಇದನ್ನೇ ಹೇಳಿ ಎಂದು, ಅಷ್ಟೆ. ಸಾರು ಬಡಿಸಿ ಒಳಗೆ ಹೋದಳು.

ಅವನು ಅಲ್ಲಿಯೂ ಅದನ್ನೇ ಹೇಳಿದ. ವಕೀಲರು ಸಿಟ್ಟಾದರು. ಶಿಕ್ಷೆಯಾಯಿತು.

ಆ ಒಂದು ಮಾತು ಬಂದರೆ ಅಪ್ಪ ಮಗಳು ಮತ್ತೆ ಹತ್ತಿರವಾಗುತ್ತಾರೆ ಎಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಅವಳಿಗೆ ನಿಜ ಬೇಕಾಗಿತ್ತು, ಸಿಕ್ಕಿತು. ಆದರೆ ಅಮ್ಮ ಕರೆದಾಗ ಅಪ್ಪ ತಿರುಗಿ ನೋಡಿದ ಆ ಗಳಿಗೆಯೂ ಅದರ ಜೊತೆಗೇ ಸಿಕ್ಕಿತು. ಜೈಲಿಗೆ ಭೇಟಿಗೆ ಹೋಗುವವನು ನಾನೊಬ್ಬನೇ. ಭಾವ ಮೊದಲು ಕೇಳುವುದು ಮಗಳನ್ನೇ. ಕೆಲಸಕ್ಕೆ ಹೋಗುತ್ತಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆ ಎನ್ನುತ್ತೇನೆ.

“ಬರ್ತಾಳಂತಾ?” ಎಂದು ಕೇಳುತ್ತಾನೆ.

“ಕೇಳ್ತೇನೆ,” ಎನ್ನುತ್ತೇನೆ.

ಮನೆಗೆ ಬಂದು ಕೇಳುತ್ತೇನೆ. ಅವಳು ನನ್ನ ತಟ್ಟೆಗೆ ಅನ್ನ ಹಾಕುತ್ತಾ, ಅವರು ಸರಿಯಾಗಿ ಊಟ ಮಾಡುತ್ತಾರಾ ಎಂದು ತಮಿಳಿನಲ್ಲಿ ವಿಚಾರಿಸುತ್ತಾಳೆ. ಬರುತ್ತೇನೆ ಎಂದು ಇನ್ನೂ ಹೇಳಿಲ್ಲ.