ಅಪ್ಪನ ಮೂತ್ರ ಪರೀಕ್ಷೆ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಒಂದು ಬೇಸಿಗೆಯಲ್ಲಿ ಅಪ್ಪನಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಚೊಂಬುಗಟ್ಟಲೆ ನೀರು ಕುಡಿಯುವುದು, ಗಳಿಗೆಗೊಮ್ಮೆ ಬಚ್ಚಲಿಗೆ ಓಡುವುದು. ನಾವಾಗ ಜಯನಗರದಲ್ಲಿದ್ದೆವು. ನಾಲ್ಕನೇ ಬ್ಲಾಕಿನ ಡಾಕ್ಟರು, ಮೂತ್ರ ಪರೀಕ್ಷೆ ಮಾಡಬೇಕು, ಬೆಳಿಗ್ಗೆ ಒಂದು ಬಾಟಲಿಯಲ್ಲಿ ತನ್ನಿ ಎಂದರು. ಅದಕ್ಕೆಂದೇ ಡಬ್ಬಿ ಕೊಡುವ ಕಾಲ ಅದಲ್ಲ. ಮನೆಯಲ್ಲಿದ್ದ ಬಾಟಲಿಯೇ ಗತಿ.

ಅಮ್ಮ ಜೇನುತುಪ್ಪ ಮುಗಿದಿದ್ದ ಬಾಟಲಿಯನ್ನು ನನ್ನ ಕೈಗಿಟ್ಟು, “ಬಿಸಿನೀರು ಹಾಕಿ ಮೂರು ಸಲ ಚೆನ್ನಾಗಿ ತೊಳಿ” ಎಂದಳು. ತಳದಲ್ಲಿ ಇನ್ನೂ ಒಂದಿಷ್ಟು ಜೇನು ಅಂಟಿಕೊಂಡಿತ್ತು. ಬಿಡಲು ನನಗೇನು ಹುಚ್ಚೇ? ಬೆರಳು ಹಾಕಿ ಹಾಕಿ ನೆಕ್ಕಿದೆ. ತೊಳೆದದ್ದಕ್ಕಿಂತ ಚೊಕ್ಕಟವಾಗಿದೆ ಎನಿಸಿ ಹಾಗೇ ಬೋರಲು ಹಾಕಿದೆ.

ಮರುದಿನ ಅಪ್ಪ ಬಾಟಲಿಗೆ ಪೇಪರ್ ಸುತ್ತಿ, ಪಕ್ಕದ ಮನೆಯವರಿಗೆ ಕಾಣದಂತೆ ಬ್ಯಾಗಿನಲ್ಲಿಟ್ಟುಕೊಂಡು ಹೊರಟರು. ನಾನೂ ಜೊತೆಗೆ ಹೋದೆ. ಕ್ಲಿನಿಕ್ಕಿನಲ್ಲಿ ಸ್ಪಿರಿಟ್ಟಿನ ಘಾಟು. ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಮೂತ್ರದ ಕೆಲವು ಹನಿ ಸೇರಿಸಿ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯಂತೆ ಕೆಂಪಾಯಿತು. ಎಷ್ಟು ಚೆಂದ ಎಂದು ನಾನು ನೋಡುತ್ತಿದ್ದರೆ ಡಾಕ್ಟರ ಮುಖ ಗಂಭೀರವಾಯಿತು.

“ನೋಡಿ ಇವ್ರೇ, ಕಿಡ್ನಿ ಅಂದ್ರೆ ಜರಡಿ ಇದ್ದ ಹಾಗೆ. ರಕ್ತದಲ್ಲಿರೋ ಕಸ, ಹೆಚ್ಚಾದ ನೀರು, ಎಲ್ಲಾ ಮೂತ್ರಕ್ಕೆ ಕಳಿಸುತ್ತೆ. ಸಕ್ಕರೆ ಮೈಗೆ ಬೇಕಾದ್ದು, ಅದನ್ನ ಹೊರಗೆ ಬಿಡಲ್ಲ. ನಿಮ್ಮದ್ರಲ್ಲಿ ಬಂದಿದೆ, ಅದಕ್ಕೇ ಈ ನೀಲಿ ಕೆಂಪಾಗಿದ್ದು. ಸಕ್ಕರೆ ಕಾಯಿಲೆ ಇರೋ ಹಾಗಿದೆ.”

ಅಪ್ಪ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು, ತಮ್ಮ ಪಾದವನ್ನೇ ನೋಡುತ್ತಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ಅಪ್ಪ, ಅಂದರೆ ನನ್ನ ತಾತ, ಇದೇ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡಿದ್ದರು. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಸಕ್ಕರೆ ಎಲ್ಲಿಂದ ಬಂತೆಂದು ನನಗೆ ಹೊಳೆದಿತ್ತು. ಹೇಳಿದರೆ ಏಟು ಖಂಡಿತ. ಆದರೂ ಅಪ್ಪನ ಮುಖ ನೋಡಲಾಗಲಿಲ್ಲ.

“ಅಪ್ಪಾ, ನಾನು ಬಾಟ್ಲಿ ತೊಳೀಲಿಲ್ಲ. ಜೇನು ನೆಕ್ಕಿ ಹಂಗೇ ಇಟ್ಬಿಟ್ಟೆ.”

“ನಿಜ ಹೇಳ್ತಿದ್ದೀಯೇನೋ?” ಎಂದು ಅಪ್ಪ ಎರಡು ಸಲ ಕೇಳಿದರು. ಬೈಯಲಿಲ್ಲ. ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ಡಾಕ್ಟರು ಹೊಟ್ಟೆ ಹಿಡಿದು ನಕ್ಕು, ತಮ್ಮಲ್ಲಿದ್ದ ಶುಭ್ರವಾದ ಬಾಟಲಿ ಕೊಟ್ಟರು. ಅಪ್ಪ ಅಲ್ಲಿದ್ದ ಹೂಜಿಯಿಂದ ನಾಲ್ಕು ಲೋಟ ನೀರು ಕುಡಿದು ಕಾದರು. ಈ ಸಲ ಎಷ್ಟು ಕಾಯಿಸಿದರೂ ನೀಲಿ ನೀಲಿಯಾಗಿಯೇ ಉಳಿಯಿತು. ಬಿಸಿಲಿಗೆ ಬಾಯಾರಿಕೆ, ಕುಡಿದದ್ದು ಹೆಚ್ಚಾಗಿ ಬಚ್ಚಲಿಗೆ ಓಟ, ಅಷ್ಟೇ ಎಂದರು ಡಾಕ್ಟರು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನಂತೂ ಜೋರಾಗಿಯೇ ಅತ್ತುಬಿಟ್ಟೆ. ಮನೆಯಲ್ಲಿ ಅಮ್ಮ ಮಾತ್ರ ಬಿಡಲಿಲ್ಲ. ಕಿವಿ ಹಿಂಡಿ, ಒಂದು ವಾರ ಪಾತ್ರೆಯೆಲ್ಲ ನನ್ನಿಂದಲೇ ತೊಳೆಸಿದಳು.

ಈಗ ಲ್ಯಾಬಿನವರು ಮನೆಗೇ ಬಂದು ಸೀಲ್ ಮಾಡಿದ ಡಬ್ಬಿ ಕೊಡುತ್ತಾರೆ. ಸಂಜೆಯೊಳಗೆ ರಿಪೋರ್ಟು ಫೋನಿಗೆ ಬಂದಿರುತ್ತದೆ. ಹೋದ ತಿಂಗಳು ನನ್ನ ರಿಪೋರ್ಟನ್ನು ನನಗಿಂತ ಮೊದಲು ನೋಡಿದವರು ನೀವು. ಸಕ್ಕರೆ ಇದೆ ಎಂದು ಓದಿ, ಟಿವಿ ಆರಿಸಿ, ಇಬ್ಬರೂ ಸದ್ದಿಲ್ಲದೆ ಬಂದು ನನಗೆ ಒತ್ತಿಕೊಂಡು ಕೂತಿರಿ. ಹೆದರಬೇಡಿ ಮಕ್ಕಳೇ. ಈಗ ಒಳ್ಳೆಯ ಮಾತ್ರೆಗಳಿವೆ, ಸಂಜೆ ವಾಕಿಂಗಿಗೆ ನೀವಿದ್ದೀರಿ. ಮೆಟ್ಟಿಲ ಮೇಲೆ ಕೂತಿದ್ದ ಅಪ್ಪನಿಗಿದ್ದಷ್ಟು ಭಯ ನನಗಿಲ್ಲ.