ಶ್ರಾವಣದಾಗ ಎಳ್ಳಿನ ರೊಟ್ಟಿ

ಮೊನ್ನೆ ಮುಂಜಾನೆ ಸೊಸಿ ನನ್ನ ತಾಟಿನ್ಯಾಗ ರೊಟ್ಟಿ ಹಾಕಿದ್ಲು. ನೋಡ್ತೀನಿ, ಕೆಂಪಗ ಐತಿ. "ಯಾಕವ್ವಾ, ಹಂಚು ಭಾಳ ಕಾಯ್ದಿತ್ತೇನು?" ಅಂದೆ. "ಇಲ್ರೀ ಅತ್ತಿ, ಜತ್ತಿನ ದುಕಾನದಾಗ ಕೆಂಪ ಜ್ವಾಳದ ಹಿಟ್ಟು ಬಂದೈತಿ. ಶುಗರಿಗೆ ಭಾಳ ಚಲೋ ಅಂತ್ರಿ. ತುಟ್ಟಿನೂ ಐತಿ," ಅಂದ್ಲು. ನನಗ ನಗಿ ತಡೀಲಿಲ್ಲ. ತುತ್ತು ನೆತ್ತಿಗೇರಿ ಕೆಮ್ಮು ಬಂತು. ಪಾಪ, ಸೊಸಿ ಗಾಬರಿಯಾಗಿ ನೀರು ತರಾಕ ಓಡಿದ್ಲು. ಆಕಿಗೇನು ಗೊತ್ತು, ಇದ ಬಣ್ಣದ ರೊಟ್ಟಿ ಮುಚ್ಚಿಡಾಕ ನಮ್ಮ ಓಣಿ ಹೆಣ್ಮಕ್ಕಳು ಒಂದು ಶ್ರಾವಣದಾಗ ಏನೆಲ್ಲಾ ಕಸರತ್ತು ಮಾಡಿದ್ರು ಅಂತ.

ಆಗ ನನಗ ಹತ್ತೋ ಹನ್ನೊಂದೋ. ಬಿಳೂರಿನ ಕಡೆ ನಮ್ಮೂರು. ಜತ್ತಿನ ಸಂಸ್ಥಾನ ಹೋಗಿ ಸರ್ಕಾರ ಬಂದು ನಾಕೈದು ವರ್ಷ ಆಗಿತ್ತು. ಮಳಿ ಸರಿಯಾಗಿ ಆಗಿರಲಿಲ್ಲ. ಊರಾಗಿನ ಕಾಳು ತುಂಬೂ ಹಗೇವು ಎಲ್ಲಾ ಬರಿದಾಗಿದ್ವು. ಊರಿನ ಲೆಕ್ಕಾ ಬರಿಯೂ ತಲಾಠಿ ಚಾವಡ್ಯಾಗ ಕುಂತು ಒಂದು ಯಾದಿ ಬರದ. ದುಡಿಯೋ ಗಂಡಸರಿಲ್ಲದ ಮನಿಯವರು, ಕುರುಡ್ರು, ಕೈಲಾಗದ ಮುದುಕ್ರು, ಇಂಥವರಿಗೆ ವಾರಕ್ಕೊಮ್ಮೆ ಸರ್ಕಾರದ ಜ್ವಾಳ ಫುಕಟ, ಒಂದು ಪೈನೂ ಕೊಡೂದಿಲ್ಲ. ಉಳಿದವರು ಬೇಕಂದ್ರ ಜತ್ತಿಗೆ ಹೋಗಿ ಸರ್ಕಾರಿ ದುಕಾನದಾಗ ಸೋವಿ ದರಕ್ಕ ತರಬೇಕು. ಎರಡೂ ಕಡೆ ಇದ್ದದ್ದು ಒಂದ ಜ್ವಾಳ, ಹಡಗಿನ್ಯಾಗ ಯಾವ ದೇಶದಿಂದಲೋ ಬಂದ ಕೆಂಪ ಜ್ವಾಳ. ನಮ್ಮ ಕಡೆ ಹಿಂಗಾರಿ ಜ್ವಾಳದ ರೊಟ್ಟಿ ಬೆಳ್ಳಗ ಇರತಾವ. ಹಿಂಗಾಗಿ ಯಾರ ಮನ್ಯಾಗ ಸರ್ಕಾರದ ಕಾಳು ಐತಿ ಅನ್ನೂದು ಬುಟ್ಟಿ ಮುಚ್ಚಳ ತಗದ್ರ ಸಾಕು, ಗೊತ್ತಾಗತಿತ್ತು.

ನಮ್ಮ ಓಣ್ಯಾಗ ಯಾದಿಯೊಳಗ ಹೆಸರು ಬಂದದ್ದು ಕಡೀ ಮನಿ ಕುರುಡಜ್ಜಂದು, ಮತ್ತ ನೀಲವ್ವಂದು. ನೀಲವ್ವನ ಗಂಡ ತೀರಿಕೊಂಡಿದ್ದ, ಎರಡು ಸಣ್ಣ ಹೆಣ್ಮಕ್ಕಳು, ಕೌದಿ ಹೊಲದು ಜೀವನಾ. ಊರಿಗೇ ತಿನ್ನಾಕಿಲ್ಲದ ವರ್ಷ ಕೌದಿ ಯಾರು ಹೊಲಸ್ತಾರ? ಅಷ್ಟು ವಿಚಾರ ಮಾಡೂ ತಾಳ್ಮಿ ಯಾರಿಗಿತ್ತು! ಬಾವಿ ಕಟ್ಟಿಮ್ಯಾಗ ಆಕಿಗೆ 'ಸರ್ಕಾರದ ಸೊಸಿ' ಅಂತ ಹೆಸರಿಟ್ರು. "ಕೈಕಾಲು ಗಟ್ಟಿ ಅದಾವ, ಫುಕಟ ಕೂಳು ಯಾಕ ಬೇಕು?" ಒಬ್ಬಾಕಿದು. "ಫುಕಟ ಸಿಕ್ರ ನನಗೊಂದಿರಲಿ ನಮ್ಮಪ್ಪಗೊಂದಿರಲಿ," ಇನ್ನೊಬ್ಬಾಕಿದು. ನೀಲವ್ವ ಹೊಸಾ ಕುಬಸಾ ಹಾಕ್ಕೊಂಡ ದಿನ ಅಂತೂ ಕೇಳಬ್ಯಾಡ್ರಿ. ಕೌದಿ ಹೊಲದು ಉಳಿದ ಚಿಂದಿ ಕೂಡಿಸಿ ಹೊಲಕೊಂಡ ಕುಬಸಾ ಅದು, ಐದು ಬಣ್ಣದ್ದು. ಅದನ್ನೂ ಸರ್ಕಾರದ ಲೆಕ್ಕಕ್ಕ ಹಚ್ಚಿದ್ರು. ಆಕಿ ನಕ್ರ ತಪ್ಪು, ಮಗಳ ಜಡಿಗೆ ಹೂವು ಮುಡಿಸಿದ್ರ ತಪ್ಪು. ಯಾದ್ಯಾಗ ಹೆಸರಿದ್ದವರು ಅಳಮೋರಿ ಹಾಕ್ಕೊಂಡ ಇರಬೇಕು ಅಂತ ಊರಿನ ಕಾಯಿದೆ.

ಈ ಬಾವಿಕಟ್ಟಿ ಕೋರ್ಟಿಗೆ ದೊಡ್ಡ ಜಜ್ಜು ಯಾರಂದ್ರ, ಹೇಳಾಕ ನಾಚಿಕಿ ಬರತೈತಿ, ನಮ್ಮವ್ವ. ಒಳ್ಳೆ ಮನಸಿನಾಕಿ, ಆದ್ರ ನಾಲಿಗಿಗೆ ಮೂಗುದಾರ ಇರಲಿಲ್ಲ. ಮತ್ತ ನಮ್ಮನ್ಯಾಗ ಏನು ಬೇಯತಿತ್ತು ಅಂತೀರಿ? ಅಪ್ಪ ಜತ್ತಿನ ಸಂತಿಗೆ ಹೋದವ ಸೋವಿ ಜ್ವಾಳದ ಚೀಲಾ ಕಂಬಳ್ಯಾಗ ಸುತ್ತಿ, ಮ್ಯಾಲ ದನಕ್ಕ ಹಾಕೂ ಕಣಕಿ ಹೇರಿಕೊಂಡು ಬರತಿದ್ದ. ಅವ್ವ ಬಾಗಿಲಾ ಹಾಕ್ಕೊಂಡು ಬೀಸತಿದ್ಲು. "ಅವ್ವಾ, ಇದೂ ಸರ್ಕಾರದ್ದಲ್ಲೇನ?" ಅಂತ ನಾ ಒಮ್ಮೆ ಕೇಳಿದೆ. "ಬಾಯಿ ಮುಚ್ಚ. ನಾವು ರೊಕ್ಕಾ ಕೊಟ್ಟೇವಿ," ಅಂದ್ಲು. ಅರ್ಧ ನಾವು ಕೊಟ್ರ ಉಳಿದರ್ಧ ಸರ್ಕಾರ ಹಾಕಿತ್ತು ಅನ್ನೂದು ಇಬ್ಬರಿಗೂ ಗೊತ್ತಿತ್ತು. ನಾ ಬಾಯಿ ಮುಚ್ಚಿದೆ. ಮುಚ್ಚಿದ್ದಷ್ಟ ಅಲ್ಲ, ಸಾಲ್ಯಾಗ ನೀಲವ್ವನ ಮಗಳಿಗೆ "ಕೆಂಪರೊಟ್ಟಿ" ಅಂತ ಕಾಡಿದವರೊಳಗ ನಾನೂ ಇದ್ದೆ. ತಾಯಿಯಂತೆ ಮಗಳು ಅಂತಾರಲ್ಲ, ಹಂಗ.

ಶ್ರಾವಣ ಬಂತು. ನಮ್ಮೂರಾಗ ಶ್ರಾವಣ ಸೋಮವಾರ ಮನಿಗೆ ಐದೈದು ರೊಟ್ಟಿ ಮಠಕ್ಕ ಹೋಗಬೇಕು. ಅಲ್ಲಿ ಎಲ್ಲಾರ ರೊಟ್ಟಿ ಒಂದ ರಾಶಿ ಮಾಡಿ ಎಲ್ಲಾರೂ ಕೂಡಿ ಉಣ್ಣೂದು. ಮಠದ ಸ್ವಾಮಿ ಅಜ್ಜಾರು ಜೋಳಿಗಿ ಹಿಡಕೊಂಡು ಬಂದ್ರ ನಾವು ಕಾಲಿಗೆ ನೀರು ಹಾಕ್ತೀವಿ, ಭಿಕ್ಷಾ ಅಂತ ಮೂಗು ಮುರಿಯೂದಿಲ್ಲ. ಅದ ಊರಿನ ಮಂದಿ ನೋಡ್ರಿ, ಮೊದಲನೇ ಸೋಮವಾರ ನೀಲವ್ವ ಐದು ಕೆಂಪ ರೊಟ್ಟಿ ತಂದಾಗ ನಮ್ಮವ್ವ ಮಠದ ಬಾಗಿಲದಾಗ ನಿಂತು ಅಂದ್ಲು: "ನೀಲವ್ವಾ, ಬೇಡಿ ತಂದದ್ದು ಮಠಕ್ಕ ನಡೆಯೂದಿಲ್ಲವಾ. ಬ್ಯಾಸರಾ ಮಾಡ್ಕೋಬ್ಯಾಡ."

ನೀಲವ್ವ ಜಗಳಾಡಲಿಲ್ಲ. ಬುಟ್ಟಿ ಮ್ಯಾಲ ಸೆರಗು ಮುಚ್ಚಿದ್ಲು. "ನಮ್ಮತ್ತಿ ಕಾಲದಿಂದ ಈ ರಾಶ್ಯಾಗ ನಮ್ಮನಿ ರೊಟ್ಟಿ ಬಿದ್ದಾವ ಯಕ್ಕಾ. ಅವು ಬೀಳಲಿಲ್ಲಂದ್ರ ನಾ ಊರಾಗ ಇದ್ದೂ ಇಲ್ಲದಂಗ. ಬರೂ ಸೋಮವಾರ ಮತ್ತ ತರತೀನಿ. ಅವತ್ತೂ ಬ್ಯಾಡಂದ್ರ ಯಾದ್ಯಾನ ಹೆಸರ ತಗಸತೀನಿ," ಅಂದು ಹೋದ್ಲು. ಹೆಸರು ತಗಸಿದ್ರ ಆ ಹುಡುಗ್ಯಾರಿಗೆ ಏನು ಹಾಕತಾಳ? ಆ ರಾತ್ರಿ ನಾ ಅರ್ಧಾ ರೊಟ್ಟಿ ತಾಟಿನ್ಯಾಗ ಬಿಟ್ಟು ಎದ್ದೆ. ಅವ್ವನೂ ಅರ್ಧಕ್ಕ ಎದ್ಲು. ಆ ವಾರ ಆಕಿ ಬಾವಿಕಟ್ಟಿಮ್ಯಾಗ ಕುಂದ್ರಲಿಲ್ಲ.

ಮಠದ ರೊಟ್ಟಿಗಂತ ತಗದಿಟ್ಟಿದ್ದ ಚೂರು ಬಿಳಿ ಜ್ವಾಳ ಎರಡನೇ ಸೋಮವಾರದೊಳಗ ತೀರಿತ್ತು. ಅವ್ವ ಕೆಂಪ ಹಿಟ್ಟಿನ ಮುಂದ ಕುಂತು ಭಾಳ ಹೊತ್ತು ವಿಚಾರ ಮಾಡಿದ್ಲು. ಆಮ್ಯಾಲ ಎಳ್ಳಿನ ಡಬ್ಬಿ ತಗದು, ರೊಟ್ಟಿ ಬಡದು, ಮಾರಿ ತುಂಬ ಎಳ್ಳು ಹಚ್ಚಿದ್ಲು. ಒಂದು ಬೊಟ್ಟು ಜಾಗಾ ಬಿಡಲಿಲ್ಲ! ಎಳ್ಳಿನ ರೊಟ್ಟಿ ನಮ್ಮ ಕಡೆ ಸಂಕ್ರಮಣಕ್ಕ ಮಾಡೂದು, ಶ್ರಾವಣದಾಗ ಯಾರೂ ಮಾಡೂದಿಲ್ಲ. ಆದ್ರೂ ಅವ್ವಗ ತನ್ನ ಜಾಣತನದ ಮ್ಯಾಲ ಭಾಳ ನಂಬಿಕಿ.

ಮಠಕ್ಕ ಹೋದ್ವಿ. ಅಜ್ಜಾರು ಮೊದಲನೇ ಬುಟ್ಟಿ ಅರಿವಿ ತಗದ್ರು. ಎಳ್ಳಿನ ರೊಟ್ಟಿ. ಎರಡನೇದು ತಗದ್ರು. ಎಳ್ಳಿನ ರೊಟ್ಟಿ. ಮೂರನೇದು, ನಾಕನೇದು, ಗೌಡರ ಮನಿದು ಸುದ್ದಾ, ಎಲ್ಲಾ ಎಳ್ಳ ಎಳ್ಳು! ಅಜ್ಜಾರಿಗೆ ನಿಜವಾಗ್ಲೂ ತಿಳೀಲಿಲ್ಲ. "ಏನ್ರವ್ವಾ, ಈ ವರ್ಷ ಸಂಕ್ರಮಣ ಲಗೂನ ಬಂತೇನು?" ಅಂದ್ರು. ಎಲ್ಲಾರೂ ಎಲ್ಲಾರ ಬುಟ್ಟಿ ನೋಡಿದ್ರು, ಆಮ್ಯಾಲ ನೆಲಾ ನೋಡಿದ್ರು.

ಕಡೀಕ ನೀಲವ್ವ ಬಂದ್ಲು. ಆಕಿ ಬುಟ್ಟ್ಯಾಗ ಬರೇ ಕೆಂಪ ರೊಟ್ಟಿ. ರಾಶಿ ನೋಡಿದ್ಲು. "ನನ್ನ ಕಡೆ ಎಳ್ಳ ಇರಲಿಲ್ರೀ ಅಜ್ಜಾರ. ಹಂಗ ಬಡದೀನಿ," ಅಂದ್ಲು. ಬುಟ್ಟಿ ಕೆಳಗ ಇಡಲಿಲ್ಲ. ಇಡು ಅಂತ ಯಾರರ ಅನ್ನಲಿ ಅಂತ ಕಾಯತಿದ್ಲು.

ಆಗ ನಮ್ಮವ್ವ ಎದ್ಲು. ಮತ್ತೇನು ಅಂತಾಳೋ ಅಂತ ನಾ ಆಕಿ ಸೆರಗು ಹಿಡದೆ. ಅವ್ವ ರಾಶ್ಯಾಗಿಂದ ತನ್ನ ರೊಟ್ಟಿ ಎತ್ತಿ, ಎಲ್ಲಾರ ಮುಂದ ಅಂಗೈಲೆ ತಿಕ್ಕಿದ್ಲು. ಎಳ್ಳು ಪಟಪಟ ಉದುರಿದ್ವು. ಒಳಗಿನ ಕೆಂಪ ಕಂಡಿತು. "ನಮ್ದೂ ಅದ ಜ್ವಾಳ," ಅಂದ್ಲು. "ಒಂದು ಹೊತ್ತು ಅಲ್ಲ, ಎರಡೂ ಹೊತ್ತು ಅದನ್ನ ತಿಂತೀವಿ. ನೀಲವ್ವಾ, ನನ್ನ ನಾಲಿಗಿ ಸುಡಲಿ. ಇಡು ಬುಟ್ಟಿ. ಯಾದ್ಯಾನ ಹೆಸರಿಗೆ ಕೈ ಹಚ್ಚೀದಿ ಅಂದ್ರ ನೋಡು ಮತ್ತ, ನಾನ ಹೋಗಿ ತಿರುಗಿ ಬರಸತೀನಿ."

ಯಾರೋ ಒಬ್ಬಾಕಿ ಕಿಸಕ್ಕಂದ್ಲು. ಆಮ್ಯಾಲ ಇಡೀ ಮಠ ನಕ್ಕಿತು. ಒಬ್ಬೊಬ್ಬರ ಎದ್ದು ತಮ್ಮ ರೊಟ್ಟಿ ತಿಕ್ಕಿದ್ರು. ನೀಲವ್ವ ಬುಟ್ಟಿ ಇಟ್ಟು ಕುಂತ್ಲು, ಕುಂತಾಕಿ ಅತ್ತಬಿಟ್ಲು. ಆಕಿ ಮಗಳ ಬಾಜೂಕ ನಾ ಹೋಗಿ ಕುಂತೆ. "ತಪ್ಪಾತು" ಅನ್ನಾಕ ಬಾಯಿ ಬರಲಿಲ್ಲ, ನನ್ನ ಪಾಲಿನ ಬೆಲ್ಲಾ ಆಕಿ ತಾಟಿನ್ಯಾಗ ಇಟ್ಟೆ. ಆಕಿ ತಿಂದ್ಲು. ಮೂರನೇ ಸೋಮವಾರ ರಾಶಿ ಎಲ್ಲಾ ಕೆಂಪನ್ನ ಕೆಂಪು. ನೀಲವ್ವನ ಹೆಸರು ಮುಂದಿನ ಸುಗ್ಗಿತನಾ ಯಾದ್ಯಾಗಿತ್ತು. ಓಣಿ ಕಡೀ ಮನಿ ಕುರುಡಜ್ಜಂದು ಸಾಯೂತನಾ ಇತ್ತು, ಅದಕ್ಕೂ ಯಾರೂ ಸೊಲ್ಲೆತ್ತಲಿಲ್ಲ.

ಇದನ್ನ ನಾ ಯಾರ ಮುಂದೂ ಹೇಳಿರಲಿಲ್ಲ. ನಿನ್ನೆ ಸಂಜೀಕ ನಮ್ಮ ಕಟ್ಟಿಮ್ಯಾಗ ಹೆಣ್ಮಕ್ಕಳು ಕುಂತಿದ್ರು. ಎದುರಿನ ಮನಿ ವಿಧವಿಗೆ ಸರ್ಕಾರದ ಪೆನ್ಶನ್ ಬರತೈತಿ, ಆದ್ರೂ ಮೊಬೈಲ್ ತಗೊಂಡಾಳ ಅಂತ ಶುರು ಆತು. ಇಂಥಾ ಮಾತಿಗೆ ನಾ ಇಷ್ಟು ವರ್ಷ ಹೂಂ ಅನ್ಕೋತ ಬಂದಾಕಿ. ನಿನ್ನೆ ಬಾಯಿ ಬಿಟ್ಟೆ. "ಸರ್ಕಾರದ ಜ್ವಾಳ ತಿಂದ ಬೆಳದಾಕಿ ನಾ. ನನಗೂ ಅನ್ರಿ," ಅಂದೆ. ಒಬ್ಬಾಕಿ ಕೆಲಸ ಐತಿ ಅಂತ ಎದ್ಲು, ಉಳಿದವರೂ ಎದ್ರು. ಸೊಸಿ ಮಾತ್ರ ಬಂದು ನನ್ನ ಮಗ್ಗಲದಾಗ ಕುಂತ್ಲು. ಅವ್ವ ಒಂದ ವಾರದಾಗ ಅಂದ ಮಾತು ಅನ್ನಾಕ ನನಗ ಎಪ್ಪತ್ತು ವರ್ಷ ಹಿಡೀತು ನೋಡ್ರಿ.