ಮೂಲೆ ಮುಕ್ಕಾದ ಮ್ಯಾನಿಫೋಲ್ಡ್

ಕರ್ಕ್‌ಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬರು ಒಬ್ಬರೇ ಇದ್ದರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಎದುರಿಗೆ ಹೆಸರು ಹಿಡಿದೇ ಕರೆಯುತ್ತಿದ್ದರೂ ನಮ್ಮ ಮನೆಯೊಳಗೆ ಅವರು ಅಜ್ಜಿ. ಸುತ್ತಲಿನ ಹಳೆಯ ಮನೆಗಳನ್ನೆಲ್ಲ ಕೆಡವಿ ಮೂರಂತಸ್ತಿನ ಮನೆಗಳನ್ನು ಕಟ್ಟಿದ್ದರು. ಅವರ ಮನೆ ಮತ್ತು ಹಿಂದಿನ ಗ್ಯಾರೇಜು ಮಾತ್ರ ಹಾಗೇ ಉಳಿದಿದ್ದವು. ಆ ಗ್ಯಾರೇಜಿನ ಬಾಗಿಲು ತೆರೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಒಂದು ಬೇಸಿಗೆಯ ಭಾನುವಾರ ಸರೋವರದ ದಂಡೆಯಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ನನ್ನ ಗಂಡ ಪಕ್ಕದೂರು ಬೆಲ್ವ್ಯೂನಲ್ಲಿ ದಿನವಿಡೀ ಕೋಡ್ ಬರೆಯುವವನು. ಇಂಜಿನ್ ಕಂಡರೆ ಮಾತ್ರ ಮೈಮರೆಯುತ್ತಾನೆ. ಹೊರಡುವಾಗ ಅಂಗಳದಲ್ಲಿ ನಿಂತಿದ್ದ ಅಜ್ಜಿಯನ್ನೂ ಕರೆದ. ಅವರು ಬೇಡವೆಂದರು. ನಾವು ಕಾರು ತಿರುಗಿಸುವಷ್ಟರಲ್ಲಿ ಮನಸ್ಸು ಬದಲಿಸಿ ಕೋಟು ಹಾಕಿಕೊಂಡು ಬಂದುಬಿಟ್ಟರು.

ಅಲ್ಲಿ ಒಂದು ಕಪ್ಪು ಕಾರಿನ ಬಾನೆಟ್ ತೆಗೆದಿಟ್ಟಿದ್ದರು. ಗಂಡ ನನ್ನನ್ನು ಎಳೆದುಕೊಂಡು ಹೋದ.

"ಈ ಎರಡು ಕಾರ್ಬುರೇಟರ್ ಕೆಳಗೆ ಕವಲು ಕೊಳವೆ ಇದ್ಯಲ್ಲ, ಅದೇ ಇಂಟೇಕ್ ಮ್ಯಾನಿಫೋಲ್ಡ್. ಗಾಳಿ, ಪೆಟ್ರೋಲು ಬೆರೆತು ಇದರೊಳಗಿಂದ್ಲೇ ಎಲ್ಲಾ ಸಿಲಿಂಡರಿಗೂ ಹೋಗತ್ತೆ. ಆಗ ಕಂಪನಿಯವ್ರು ಕೊಡ್ತಿದ್ದಿದ್ದು ಒಂದೇ ಕಾರ್ಬುರೇಟರ್. ಸ್ಪೀಡ್ ಸಾಲ್ದು ಅಂತ ಹುಡುಗ್ರು ತಾವೇ ಇಂಥವನ್ನ ಮಾಡಿಸ್ಕೊಳ್ಳಕ್ಕೆ ಶುರು ಮಾಡಿದ್ರು."

ಕಾರಿನ ಯಜಮಾನ ಹೆಮ್ಮೆಯಿಂದ ಹತ್ತಿರ ಬಂದ. ಮ್ಯಾನಿಫೋಲ್ಡಿನ ಮೇಲೆ ಕ್ಯಾಲಿಫೋರ್ನಿಯಾದ ಒಂದು ವರ್ಕ್‌ಶಾಪಿನ ಹೆಸರು ಉಬ್ಬಿ ನಿಂತಿತ್ತು. "ಇದು ಅಸಲಿ. ಮೂಲೆ ಸ್ವಲ್ಪ ಮುಕ್ಕಾಗಿದೆ ನೋಡಿ, ಅದೇ ಗುರುತು. ಆ ಕಾಲದ ಪ್ರತಿಯೊಂದರಲ್ಲೂ ಈ ಮುಕ್ಕು ಇರುತ್ತೆ" ಎಂದ.

ಅಜ್ಜಿ ಕೈ ಚಾಚಿ ಆ ಮೂಲೆಯ ಮೇಲೆ ಬೆರಳಿಟ್ಟರು.

"ದಯವಿಟ್ಟು ಮುಟ್ಟಬೇಡಿ" ಎಂದು ಆತ ಗದರಿದ.

ಅವರು ಕೈಯನ್ನು ಕೋಟಿನ ಜೇಬಿಗೆ ಇಳಿಸಿಕೊಂಡು, "ಮನೆಗೆ ಹೋಗೋಣವೇ?" ಎಂದು ನನ್ನನ್ನು ಕೇಳಿದರು.

ಮನೆಯ ಮುಂದೆ ಇಳಿದವರು ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ಗ್ಯಾರೇಜಿನ ಬಾಗಿಲು ತೆಗೆದರು. ಬೆಂಚಿನ ಮೇಲೆ ಕೆಂಪು ಅರಗು ಬಳಿದ ಮರದ ಮ್ಯಾನಿಫೋಲ್ಡ್ ಒಂದಿತ್ತು. ಅದರ ಮೂಲೆಯೂ ಮುಕ್ಕಾಗಿತ್ತು.

ಅವರಪ್ಪ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಮಾದರಿ ಕೆತ್ತುತ್ತಿದ್ದರಂತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಊರಿನ ಹುಡುಗರಿಗೆಲ್ಲ ಹಳೆಯ ಕಾರುಗಳ ಹುಚ್ಚು. ಎರಡು ಕಾರ್ಬುರೇಟರ್ ಕೂರಿಸಲು ಪೈಪು ಕತ್ತರಿಸಿ ಬೆಸುಗೆ ಹಾಕುತ್ತಿದ್ದರು, ಎಲ್ಲ ಕಡೆ ಗಾಳಿ ಸೋರುತ್ತಿತ್ತು. ಅದನ್ನು ನೋಡಿ ಅಪ್ಪ ಈ ಮಾದರಿ ಕೆತ್ತಿದರು. ಈ ಗ್ಯಾರೇಜಿನಲ್ಲೇ ಇದನ್ನು ಮರಳಿನಲ್ಲಿ ಒತ್ತಿ ತೆಗೆದು, ಆ ಹಳ್ಳಕ್ಕೆ ಕರಗಿಸಿದ ಅಲ್ಯೂಮಿನಿಯಂ ಹೊಯ್ಯುತ್ತಿದ್ದರು. ಲೋಹ ಮುರಿದ ವಿಮಾನಗಳ ಗುಜರಿಯಿಂದ ಬರುತ್ತಿತ್ತು.

"ಮೊದಲನೇ ದಿನವೇ ನಮ್ಮಣ್ಣ ಇದನ್ನು ಕೈಜಾರಿ ಬೀಳಿಸಿದ. ಇರಲಿ ಬಿಡು, ಓಡೋದಕ್ಕೆ ಅಡ್ಡಿಯಿಲ್ಲ ಅಂದರು ಅಪ್ಪ. ಹಾಗಾಗಿ ನಾವು ಮಾಡಿದ ಎಲ್ಲದರಲ್ಲೂ ಆ ಮುಕ್ಕು ಬಂತು. ಆಮೇಲೆ ಅಂಥದ್ದೊಂದು ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಅಲ್ಲಿ ಯಾರೋ ಅದನ್ನೇ ಮರಳಿಗೆ ಒತ್ತಿ, ತಮ್ಮ ಹೆಸರು ಸೇರಿಸಿ ಎರಕ ಹೊಯ್ದರು. ಮುಕ್ಕನ್ನೂ ಬಿಡಲಿಲ್ಲ."

"ಇದು ನಮ್ದು ಅಂತ ನೀವು ಯಾರೂ ಹೋಗಿ ಕೇಳಲಿಲ್ವಾ?" ಎಂದ ನನ್ನ ಗಂಡ.

"ಅಷ್ಟರಲ್ಲಿ ಅಣ್ಣ ಇರಲಿಲ್ಲ."

ಅಣ್ಣ ಆಗತಾನೇ ಹೈಸ್ಕೂಲು ಮುಗಿಸಿದ್ದ. ಮಳೆ ಹಿಡಿದ ವಾರ. ಯಾರಿಗೋ ರೇಸಿಗೆ ಮ್ಯಾನಿಫೋಲ್ಡ್ ಬೇಕಾಗಿತ್ತು. ಮರಳು ಇನ್ನೂ ಒದ್ದೆಯಿದೆ, ನಾಳೆ ಹೊಯ್ಯಿರಿ ಎಂದು ಅಮ್ಮ ಹೇಳಿದ್ದಳು. ಅಪ್ಪ ಕೇಳಲಿಲ್ಲ. ಅಣ್ಣ ಬಗ್ಗಿ ಲೋಹ ಸುರಿಯುತ್ತಿದ್ದ ಹಾಗೇ ಒಳಗಿನ ನೀರು ಆವಿಯಾಗಿ ಸಿಡಿದು, ಕಾದ ಅಲ್ಯೂಮಿನಿಯಂ ಅವನ ಮುಖಕ್ಕೂ ಎದೆಗೂ ಚಿಮ್ಮಿತು.

"ನಾನು ಆ ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಕೂಗಲೇ ಇಲ್ಲ. ಕೂಗಿದ್ದು ಅಪ್ಪ" ಎಂದರು ಅಜ್ಜಿ. ಹುಡುಗ ಆಸ್ಪತ್ರೆಯಲ್ಲಿ ಕೆಲವು ವಾರ ನರಳಿ ತೀರಿಕೊಂಡ. ಅಪ್ಪ ಮತ್ತೆ ಎರಕ ಹೊಯ್ಯಲಿಲ್ಲ. ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು.

ನನ್ನ ಗಂಡನಿಗೆ ತಡೆಯಲಾಗಲಿಲ್ಲ. ಇದನ್ನು ಎಲ್ಲರಿಗೂ ತಿಳಿಸಬೇಕು, ಫೋಟೋ ತೆಗೆದು ಹಾಕೋಣ ಎಂದ.

"ಬೇಡ. ಬರೋರೆಲ್ಲ ಮ್ಯಾನಿಫೋಲ್ಡಿನ ಬಗ್ಗೆಯೇ ಕೇಳ್ತಾರೆ" ಎಂದು ಅಜ್ಜಿ ಬಾಗಿಲು ಎಳೆದುಕೊಂಡರು.

ಚಳಿ ಶುರುವಾಗುವ ಹೊತ್ತಿಗೆ ಅವರು ಸ್ನಾನದ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ಒಬ್ಬರೇ ಇರುವ ಹಾಗಿರಲಿಲ್ಲ. ಟೋಟೆಮ್ ಲೇಕ್‌ನ ಒಂದು ವೃದ್ಧಾಶ್ರಮದಲ್ಲಿ ಜಾಗ ಸಿಕ್ಕಿತು, ಮನೆಯನ್ನು ಮಾರಿದರು. ಹೊರಡುವ ಹಿಂದಿನ ದಿನ ನಮ್ಮನ್ನು ಕರೆಸಿ, ಆ ಮರದ ಮಾದರಿಯನ್ನು ಒಲೆಗೆ ಹಾಕಿ ಸುಡಬೇಕೆಂದರು.

ಗಂಡ ಅದನ್ನು ಗ್ಯಾರೇಜಿನಿಂದ ಎತ್ತಿ ತಂದ. ಕೆಳಗಿಡದೆ ಎದೆಗೊತ್ತಿಕೊಂಡೇ ನಿಂತು, ಅಜ್ಜಿಗೆ ತಿಳಿಯದಂತೆ ಕನ್ನಡದಲ್ಲಿ ನನಗೆ ಹೇಳಿದ.

"ಮ್ಯೂಸಿಯಮ್ಮಲ್ಲಿ ಇಡೋ ವಸ್ತು ಕಣೇ ಇದು. ಬೇರೆ ಯಾವ್ದೋ ಮರ ಸುಡೋಣ, ಇದನ್ನ ನಮ್ಮನೇಲಿ ಇಟ್ಕೊತೀನಿ. ಅವರಿಗೇನು ಗೊತ್ತಾಗತ್ತೆ?"

"ಅವರೆದುರೇ ನಿಂತ್ಕೊಂಡು ಏನು ಮಾತಾಡ್ತಿದೀಯ ನೀನು?" ಎಂದೆ.

ಅಜ್ಜಿ ಗಾಲಿಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. "ಏನಂತೆ?" ಎಂದರು. ನಾನು ಮುಚ್ಚಿಡದೆ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

"ನಿನಗೆ ಅದು ಎಷ್ಟು ಇಷ್ಟ ಅಂತ ಗೊತ್ತು ಮಗೂ. ನಮ್ಮಣ್ಣನಿಗೂ ಇಷ್ಟವಿತ್ತು" ಎಂದು ನನ್ನ ಗಂಡನಿಗೆ ಹೇಳಿದರು.

ಅವನು ಹೋಗಿ ಗರಗಸ ತಂದ.

ಒಣಗಿದ ಮರ ಬೇಗ ಹೊತ್ತಿಕೊಂಡಿತು. ಅರಗು ಗುಳ್ಳೆಯೆದ್ದು ಕರಿಹೊಗೆ ಕೋಣೆಗೆಲ್ಲ ತುಂಬಿತು. ಕಿಟಕಿ ತೆಗೆಯಲೇ ಎಂದರೆ ಅಜ್ಜಿ ಬೇಡವೆಂದು ಕೈಯಾಡಿಸಿದರು. ಕೆಮ್ಮುತ್ತಲೇ ಕೊನೆಯ ತುಂಡು ಬೂದಿಯಾಗುವವರೆಗೂ ಕೂತಿದ್ದರು. ಅಂದಿನಿಂದ ಎಷ್ಟೋ ದಿನ ನನ್ನ ಗಂಡ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದ.

ಅಜ್ಜಿ ಆ ಚಳಿಗಾಲ ದಾಟಲಿಲ್ಲ. ಮಣ್ಣು ಮಾಡುವಾಗ ಪಾದ್ರಿ, ನಾವಿಬ್ಬರು, ಅವರ ಜೊತೆ ಬಸ್ಸು ಓಡಿಸುತ್ತಿದ್ದ ಒಬ್ಬ ಹೆಂಗಸು, ಅಷ್ಟೇ ಜನ. ಗುಂಡಿಯ ಒಂದು ಪಕ್ಕದಲ್ಲಿ ಅವರಣ್ಣನ ಸಮಾಧಿಯ ಕಲ್ಲಿತ್ತು, ಅದರಾಚೆ ಅಮ್ಮನದು. ಸಾಲಿನಲ್ಲಿ ಇನ್ನೊಂದು ಕಲ್ಲಿಗಾಗಿ ನಾನು ಹುಡುಕಿದೆ.

"ಅವರಪ್ಪ ಎಲ್ಲಿ?" ಎಂದು ಗಂಡ ಮೆಲ್ಲಗೆ ಕೇಳಿದ.

"ಇಲ್ಲಿಲ್ಲ" ಎಂದೆ. ಎಲ್ಲಿದ್ದಾರೆಂದು ಪಾದ್ರಿಗೂ ತಿಳಿದಿರಲಿಲ್ಲ. ಮಳೆ ಹನಿಯತೊಡಗಿತ್ತು, ಬಸ್ಸಿನ ಗೆಳತಿ ತಮ್ಮ ಕೊಡೆಯೊಳಗೆ ನಮಗೂ ಜಾಗ ಕೊಟ್ಟರು. ಮೂವರೂ ಕಾರಿನವರೆಗೆ ನಡೆದೆವು.